ಗಾಳಿ ದಾರಿ ಬಿಟ್ಟ ಚಳಿಗಾಲ

ಡಿಸೆಂಬರ್ ೯

ಪ್ರೀತಿಯ ಅಪ್ಪನಿಗೆ, ನಿಮ್ಮ ಬಾಯಿಬಡುಕಿಯ ನಮಸ್ಕಾರಗಳು.

ಉತ್ತರ ತಡವಾಯಿತು, ಬೈಯಬೇಡಿ. ನಿಮ್ಮ ಕಾಗದ ಓದಿದವಳೇ ಸಿಟ್ಟಿನಲ್ಲಿ ಒಂದು ಉತ್ತರ ಬರೆದೆ, ಹರಿದು ಹಾಕಿದೆ. ಈಗ ಸಮಾಧಾನವಾಗಿದ್ದೇನೆ, ಮುಕ್ಕಾಲು ಪಾಲು.

ಈ ಚಳಿಗಾಲ ಬಿರುಗಾಳಿ ಇಲ್ಲವಂತೆ, ಪ್ರತಿ ಚಳಿಗಾಲದ ಹಾಗೆ ಹಡಗು ಲಂಗರು ಹಾಕಿ ನಿಲ್ಲುವುದಿಲ್ಲವಂತೆ, ಆದ್ದರಿಂದ ಮನೆಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ನಮ್ಮ ಹವಾಮಾನ ಕಚೇರಿ ನಿಮ್ಮ ರಜೆ ತಿಂದುಹಾಕಿತು ಎಂದು ತಮಾಷೆ ಬೇರೆ. ತಿಂದವಳು ನಾನೇ ಅಪ್ಪ. ಆ ಮುನ್ಸೂಚನೆಗೆ ಸಹಿ ಹಾಕಿದ್ದು ನಿಮ್ಮ ಮಗಳೇ.

ನಮ್ಮ ಹಿರಿಯ ಅಧಿಕಾರಿ, ನಾವು ನಕ್ಷೆಮಾಮ ಅನ್ನುವವರು, ಹಳೆಯ ಚಳಿಗಾಲಗಳ ನಕ್ಷೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಬಿರುಗಾಳಿಗಳ ದಾರಿ ಮೆಲ್ಲಮೆಲ್ಲನೆ ಉತ್ತರಕ್ಕೆ, ಧ್ರುವದ ಕಡೆಗೆ ಸರಿದಿದೆ. ಒಂದೊಂದು ವರ್ಷ ಹಿಂದೆಮುಂದೆ ಆಗುತ್ತದೆ, ಒಟ್ಟಿನಲ್ಲಿ ಸರಿಯುತ್ತಿರುವುದು ಅತ್ತಲೇ. ಭೂಮಿ, ಕಡಲು ಎರಡೂ ಬಿಸಿಯಾಗುತ್ತಿವೆ, ಗಾಳಿಯೂ ಹಳೆಯ ದಾರಿ ಬಿಡುತ್ತಿದೆ ಎಂದರು. ಉತ್ತರದವರಿಗೆ ಹೊಸ ಕಾಟ, ನಿಮ್ಮ ಹಡಗಿನ ದಾರಿ ನಿರಾಳ. ಸಹಿಗೆಂದು ತೆಗೆದ ಪೆನ್ನಿನ ಮುಚ್ಚಳ ಮತ್ತೆ ಹಾಕಿದೆ.

"ಏನಮ್ಮಾ, ಲೆಕ್ಕ ತಪ್ಪಿದ್ಯಾ?" ಎಂದರು.

"ಲೆಕ್ಕ ಸರಿಯಾಗೇ ಇದೆ ಸಾರ್, ಅದೇ ತೊಂದರೆ" ಎಂದೆ.

ಅಮ್ಮ ಆಗಲೇ ನಿಮ್ಮ ಸ್ವೆಟರ್ ಬಿಸಿಲಿಗೆ ಹಾಕಿದ್ದಳು. ಅಡುಗೆಮನೆಯ ನಲ್ಲಿ ಮೂರು ತಿಂಗಳಿಂದ ಸೋರುತ್ತಿದೆ. ರಿಪೇರಿಯವನನ್ನು ಕರೆಯೋಣ ಎಂದರೆ ಸುತರಾಂ ಒಪ್ಪಲಿಲ್ಲ, ಇಂಜಿನ್ ನೋಡಿಕೊಳ್ಳುವ ಮನುಷ್ಯನಿಗೆ ಒಂದು ನಲ್ಲಿ ಯಾವ ಲೆಕ್ಕ ಎಂದಳು. ನೀವು ಬರುವುದಿಲ್ಲ ಎಂದು ತಿಳಿದಾಗ ಅಳಲಿಲ್ಲ, ಗೊಣಗಲೂ ಇಲ್ಲ. ಕೆಲಸ ಇದ್ದರೆ ಒಳ್ಳೆಯದೇ ಎಂದು ಸ್ವೆಟರ್ ಮಡಚಿ ಒಳಗಿಟ್ಟಳು. ಮರುದಿನ ರಿಪೇರಿಯವನನ್ನು ಕರೆಸಿದಳು.

ಮೈ ಜೋಪಾನ. ಇಂಜಿನ್ ಕೋಣೆಯಿಂದ ಬೆವರು ಆರುವ ಮುಂಚೆ ಮೇಲಿನ ಚಳಿಗೆ ಹೋಗಬೇಡಿ. ಹೋದಲ್ಲೆಲ್ಲ ಕಡಲು ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಲಿ. ಚಿಕ್ಕವಳು ಹರಸಬಾರದು ಎಂದು ತಕರಾರು ತೆಗೆಯಬೇಡಿ.

ನಿಮ್ಮ
ಬಾಯಿಬಡುಕಿ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ನಿಮ್ಮ ಹಡಗಿನ ಅಡುಗೆಯವರು ರಜೆಯ ಮೇಲೆ ಊರಿಗೆ ಬಂದಿದ್ದಾರೆ. ಕೇಳಿದವರಿಗೆಲ್ಲ ರಜೆ ಸಿಕ್ಕಿತು, ನಿಮ್ಮಪ್ಪ ಕೇಳಲೇ ಇಲ್ಲ ಎಂದು ಅಮ್ಮನ ಎದುರೇ ಹೇಳಿಬಿಟ್ಟರು. ಅವರು ಹೋದ ಮೇಲೆ ಅಮ್ಮ ಪಾತ್ರೆ ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದಳು: "ಇಷ್ಟು ವರ್ಷ ಅವ್ರು ಬರ್ತಿದ್ದಿದ್ದು ಹಡಗು ನಿಲ್ತು ಅಂತಾನಾ, ಇಲ್ಲಾ ನಾನಿದೀನಿ ಅಂತಾನಾ?"

ಇದಕ್ಕೆ ಉತ್ತರ ಬರೆದು ಕಳಿಸಬೇಡಿ ಅಪ್ಪ. ಬಂದು ಅವಳಿಗೇ ಹೇಳಿ.