ದೋಷ ಪುಸ್ತಕಕ್ಕೆ ಕೆಂಪು ಶಾಯಿ ಏಕೆ?

ಸಿಬ್ಬಂದಿ ಇಂಗ್ಲಿಷ್ ಸುಧಾರಣಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಮಂಗಳವಾರದವರೆಗೆ ಪೂರಾ ಮೂರು ವಾರ ನಮ್ಮ ಡಿಪೋದ ಒಂದೇ ಒಂದು ಬಸ್ಸೂ ಕೆಟ್ಟಿರಲಿಲ್ಲ. ಡಿಪೋದ ದೋಷ ಪುಸ್ತಕ ಹಾಗೆ ಹೇಳುತ್ತದೆ. ಮೊದಲಿಗೆ ಅಭಿನಂದನೆಗಳು. ಮೆಕ್ಯಾನಿಕ್‌ಗಳು ವರ್ಷಗಟ್ಟಲೆ ಗ್ರೀಸು ಮೆತ್ತಿಕೊಂಡರೂ ಆಗದಿದ್ದದ್ದನ್ನು ತಾವು ಒಂದು ಕೆಂಪು ಪೆನ್ನಿನಿಂದ ಸಾಧಿಸಿದ್ದೀರಿ. ಬಸ್ಸುಗಳಿಗೆ ಮಾತ್ರ ಈ ಸುದ್ದಿ ಮುಟ್ಟಿದಂತಿಲ್ಲ, ಅವು ಮೊದಲಿನ ಹಾಗೇ ಕೆಡುತ್ತಿವೆ. ಕೆಟ್ಟದ್ದನ್ನು ಬರೆಯಲು ಡ್ರೈವರುಗಳು ಹೆದರುತ್ತಿದ್ದಾರೆ. ಅವರ ಇಂಗ್ಲಿಷಿಗೆ ತಾವು ಹಾಕುತ್ತಿರುವ ಲೆಕ್ಕವೇ ಅದಕ್ಕೆ ಕಾರಣ. ಇದು ನನ್ನ ದೂರು. ಇದನ್ನು ನನ್ನ ಮನೆಮಾತಿನಲ್ಲೇ ಬರೆದಿದ್ದೇನೆ, ತಪ್ಪು ಹುಡುಕಲು ತಮಗೂ ಸ್ವಲ್ಪ ಶ್ರಮವಾಗಲಿ ಎಂದು.

ತಾವು ಮೂರನೇ ಮಹಡಿಯವರು. ಕೆಳಗೆ ನಡೆಯುವುದನ್ನು ಹೇಳಬೇಕು. ಕೀಲಿಕೈ ನೇತುಹಾಕುವ ಹಲಗೆಯ ಕೆಳಗೆ ಒಂದು ಓರೆ ಮೇಜಿದೆ. ಅದರ ಮೇಲೆ ದಾರ ಕಟ್ಟಿದ ಪೆನ್ನು, ಪಕ್ಕದಲ್ಲಿ ದೋಷ ಪುಸ್ತಕ. ಡ್ರೈವರು ಬಸ್ಸು ತಂದು ನಿಲ್ಲಿಸಿ, ಕೀಲಿಕೈ ಮೊಳೆಗೆ ಹಾಕಿ, ಬಸ್ಸಿಗೆ ಏನಾಗಿದೆ ಎಂದು ಬರೆಯುತ್ತಾನೆ. ಮೆಕ್ಯಾನಿಕ್ ಓದಿ ರಿಪೇರಿ ಮಾಡುತ್ತಾನೆ. ನಮ್ಮಲ್ಲಿ ಆರು ಭಾಷೆಯವರಿದ್ದಾರೆ. ಒಬ್ಬರ ಮನೆಮಾತು ಇನ್ನೊಬ್ಬರಿಗೆ ಬಾರದು. ಹಾಗಾಗಿ ಇಂಗ್ಲಿಷ್. ಬೀದಿಯ ನಲ್ಲಿಯ ಹಾಗೆ ಅದು, ಯಾರ ಮನೆಯದೂ ಅಲ್ಲ, ಎಲ್ಲರೂ ಬಿಂದಿಗೆ ಹಿಡಿಯುತ್ತಾರೆ. ಚೆಲ್ಲುತ್ತದೆ, ನಿಜ. ಆದರೂ ಮನೆಗೆ ನೀರು ಬರುತ್ತದೆ.

ನಮ್ಮ ಮನೆಯವರು ಇಪ್ಪತ್ತೆರಡು ವರ್ಷ ಇಲ್ಲಿ ಮೆಕ್ಯಾನಿಕ್ ಆಗಿದ್ದರು. ಕೊನೆಯ ಎಂಟು ವರ್ಷ ಹೆಡ್ ಮೆಕ್ಯಾನಿಕ್. ನಾನು ಪಕ್ಕದ ಶೆಡ್ಡಿನಲ್ಲಿ ಸೀಟು ಹೊಲಿಯುವವಳು. ಅವರು ಇಂಗ್ಲಿಷ್ ಕಲಿತದ್ದೇ ಆ ಪುಸ್ತಕದಿಂದ. ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಓದಿ ಹೇಳುತ್ತಿದ್ದರು. ‘ಸ್ಟೇರಿಂಗ್ ನಾಟ್ ಲಿಸನ್ ಮಿ.’ ‘ಲೆಫ್ಟ್ ಟರ್ನ್ ಟೈಮ್ ಬ್ಯಾಕ್ ವೀಲ್ ಕ್ರೈಯಿಂಗ್.’ ‘ಹಾರ್ನ್ ಆಟೋಮ್ಯಾಟಿಕ್ ಆಂಗ್ರಿ.’ ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೋಗಿ, ಸಂಜೆಯೊಳಗೆ ಆ ಚಕ್ರದ ಅಳು ನಿಲ್ಲಿಸಿ ಬರುತ್ತಿದ್ದರು. ಅವರಿಗೆ ಸಿಟ್ಟು ಬಂದದ್ದು ಒಂದೇ ಸಲ, ‘ಬಸ್ ಈಸ್ ನಾಟ್ ಗುಡ್’ ಎಂದು ಯಾರೋ ಬರೆದಾಗ.

“ಏನ್ ಬರ್ದಿದ್ದೀಯಯ್ಯ ಇದು? ಯಾವ ಬಸ್ಸು? ಯಾವ ಕಡೆ? ಯಾವಾಗ ಆಗುತ್ತೆ? ಬಸ್ಸು ಒಳ್ಳೇದಲ್ಲ ಅಂದ್ರೆ ನಾನು ಅದನ್ನ ಕೂರಿಸ್ಕೊಂಡು ಬುದ್ಧಿ ಹೇಳ್ಲಾ?”

ಗಮನಿಸಿ, ಆ ವಾಕ್ಯದಲ್ಲಿ ತಪ್ಪೇ ಇರಲಿಲ್ಲ. ತಾವಾಗಿದ್ದರೆ ಬೆನ್ನು ತಟ್ಟುತ್ತಿದ್ದಿರಿ.

ಆರು ವಾರದ ಹಿಂದೆ ತಮ್ಮ ಆದೇಶ ಬಂತು. ದೋಷ ಪುಸ್ತಕ ವಾರಕ್ಕೆರಡು ಸಲ ಮೇಲಿನ ಮಹಡಿಗೆ ಹೋಗತಕ್ಕದ್ದು. ತಪ್ಪುಗಳಿಗೆ ಕೆಂಪು ಗೆರೆ. ತಿಂಗಳಿಗೆ ಮೂರು ತಪ್ಪಾದರೆ ಆ ಡ್ರೈವರನ್ನು ರೂಟಿನಿಂದ ಇಳಿಸಿ, ಪರೀಕ್ಷೆ ಪಾಸಾಗುವ ತನಕ ಅಂಗಳದಲ್ಲಿ ಬಸ್ಸು ತೊಳೆಯುವ ಕೆಲಸ. ಪುಸ್ತಕದಲ್ಲಿ ಬರೆಯದ ದೋಷಕ್ಕೆ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವಂತಿಲ್ಲ. ಮೊದಲ ಎರಡು ವಾರ ಪುಸ್ತಕ ಗಾಯವಾದಂತೆ ಕೆಂಪಗಿತ್ತು. ಆಮೇಲೆ ನಮ್ಮವರು ದಾರಿ ಕಂಡುಕೊಂಡರು. ‘ಎವ್ರಿಥಿಂಗ್ ಈಸ್ ಓಕೆ.’ ಮೂರೇ ಪದ, ಎಲ್ಲಿಂದ ನೋಡಿದರೂ ಸರಿ. ಯಾರೋ ಪುಣ್ಯಾತ್ಮ ಅದನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಟ್ಟ, ನೋಡಿಕೊಂಡು ಬರೆಯುವವರಿಗೆ ಅನುಕೂಲವಾಗಲಿ ಎಂದು. ನಾವೆಲ್ಲ ಮೀಸೆ ಎಂದು ಕರೆಯುವ ಡ್ರೈವರಿಗೆ ತಾವು ಶುದ್ಧ ಬರವಣಿಗೆಯ ಪ್ರಶಸ್ತಿಪತ್ರ ಕೊಟ್ಟಿರಿ.

“ಪತ್ರ ಬಂತಲ್ಲ ಮೀಸೆ, ಬಸ್ಸಿನ ಬಾಗ್ಲು ಸರಿಹೋಯ್ತಾ?” ಎಂದು ಕೇಳಿದೆ.

“ಬಾಗ್ಲಿಗೆಲ್ಲಿ ಇಂಗ್ಲಿಷ್ ಬರುತ್ತಮ್ಮ? ಹಗ್ಗ ಕಟ್ಟಿದ್ದೀನಿ.”

ಇಂಗ್ಲಿಷ್ ತಪ್ಪಾದರೆ ಅರ್ಥ ಕೆಡುತ್ತದೆ ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ಕೆಲವು ಸಲ ಕೆಡುತ್ತದೆ, ಒಪ್ಪುತ್ತೇನೆ. ನಾನು ಹತ್ತನೇ ತರಗತಿ ಓದಿದವಳು, ತಮ್ಮ ಜೊತೆ ವಾದ ಮಾಡುವಷ್ಟು ವಿದ್ಯೆಯಿಲ್ಲ. ನನಗೆ ಗೊತ್ತಿರುವ ಒಂದನ್ನು ಹೇಳುತ್ತೇನೆ. ಇದನ್ನು ಇಷ್ಟು ದಿನ ದಿನಚರಿಯಲ್ಲಿ ಬಿಟ್ಟು ಬೇರೆಲ್ಲೂ ಬರೆದಿಲ್ಲ.

ಎಂಟು ತಿಂಗಳ ಹಿಂದೆ ನಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದರು. ಹನ್ನೊಂದನೇ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು ಮಂಚದ ಕಾಲ ಬಳಿ ನಿಂತು ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಮಾತು ಹೇಳಿದರು. ಎಂಥ ಮಾತು ಅಂತೀರಿ! ಇಸ್ತ್ರಿ ಮಾಡಿದ ಹಾಗಿತ್ತು, ಎಲ್ಲೂ ಒಂದು ಸುಕ್ಕಿಲ್ಲ. ನಾನು ತಲೆಯಾಡಿಸಿದೆ. ‘ಕಂಫರ್ಟಬಲ್’ ಎಂಬ ಪದ ಕಿವಿಗೆ ಬಿತ್ತು, ಪರವಾಗಿಲ್ಲ, ಹುಷಾರಾಗುತ್ತಿದ್ದಾರೆ ಅಂದುಕೊಂಡೆ. ಮಧ್ಯಾಹ್ನ ಮನೆಗೆ ಹೋಗಿ ಬಟ್ಟೆ ಒಗೆದು ಬರೋಣವೆಂದು ಚೀಲ ಎತ್ತಿಕೊಂಡೆ. ಬಾಗಿಲಲ್ಲಿ ನರ್ಸ್ ಅಡ್ಡ ನಿಂತಳು. ಅವಳೂ ಎಲ್ಲಿಂದಲೋ ಬಂದವಳು, ಅವಳ ಇಂಗ್ಲಿಷೂ ನನ್ನಷ್ಟೇ. ನನ್ನ ಕೈಯಿಂದ ಚೀಲ ತೆಗೆದುಕೊಂಡು, “ಟುಡೇ ಹಿ ಗೋ. ಯು ನೋ ಗೋ. ಸಿಟ್. ಹ್ಯಾಂಡ್ ಹೋಲ್ಡ್” ಎಂದಳು.

ಕೂತೆ. ಕೈ ಹಿಡಿದುಕೊಂಡೆ. ನಾಲ್ಕು ಗಂಟೆಗೆ ಹೋದರು.

ಆ ಹುಡುಗಿಗೆ ಎಷ್ಟು ಅಂಕ ಕೊಡುತ್ತೀರಿ ಸ್ವಾಮಿ? ಅವಳೂ ಶುದ್ಧವಾಗಿ ಹೇಳಲು ಬಾರದೆಂದು ನಾಚಿ ಸುಮ್ಮನಿದ್ದಿದ್ದರೆ, ನಾನು ಆ ಹೊತ್ತಿನಲ್ಲಿ ಬಚ್ಚಲಲ್ಲಿ ಕೂತು ಅವರ ಅಂಗಿ ಉಜ್ಜುತ್ತಿದ್ದೆ.

ಈಗ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಹದಿನಾಲ್ಕನೇ ನಂಬರಿನ ಬಸ್ಸು ಓಡಿಸುತ್ತಾಳೆ. ಇಳಿಜಾರಿನ ರೂಟು ಅದು. ಇಳಿಜಾರಿನ ಕೊನೆಯಲ್ಲಿ ಶಾಲೆ. ತಿಂಗಳ ಮೊದಲಲ್ಲೇ ಗಾಜು ಒರೆಸುವ ವೈಪರಿನ ಬಗ್ಗೆ ಬರೆದು ಎರಡು ಕೆಂಪು ಗೆರೆ ಸಂಪಾದಿಸಿದ್ದಳು. ಅಂದು ಊಟಕ್ಕೆ ನನ್ನ ಶೆಡ್ಡಿಗೆ ಬಂದವಳು ತುತ್ತು ಎತ್ತದೆ ಕೂತಿದ್ದಳು.

“ಏನಾಯ್ತೇ?”

“ಬ್ರೇಕು ಮೊದಲ್ನೇ ಸಲ ತುಳಿದ್ರೆ ಹಿಡಿಯಲ್ಲ ಅಕ್ಕಾ. ಎರಡ್ನೇ ಸಲಕ್ಕೆ ಹಿಡಿಯುತ್ತೆ.”

“ಪುಸ್ತಕದಲ್ಲಿ ಬರೆದ್ಯಾ?”

“ಬರೆದೆ.”

“ಏನಂತ?”

ಅವಳು ಡಬ್ಬಿಯ ಮುಚ್ಚಳ ಹಾಕಿದಳು. “ಎವ್ರಿಥಿಂಗ್ ಈಸ್ ಓಕೆ ಅಂತ.”

“ತಲೆ ಕೆಟ್ಟಿದ್ಯಾ ನಿಂಗೆ?”

“ಇನ್ನೊಂದು ತಪ್ಪಾದ್ರೆ ಇಳಿಸ್ತಾರೆ. ಒಂಬತ್ತು ವರ್ಷ ಟಿಕೆಟ್ ಹರ್ಕೊಂಡು ಕಾದು ಹತ್ತಿರೋ ಸೀಟು ಅದು. ಭಾವ ಇದ್ದಿದ್ರೆ ಬಾಯಲ್ಲೇ ಹೇಳ್ತಿದ್ದೆ. ಈಗಿರೋರು ಪುಸ್ತಕದಲ್ಲಿ ಬರಿ ಅಂತಾರೆ. ಯಾವ ಪದ ಮುಂದೆ, ಯಾವ್ದು ಹಿಂದೆ ಅಂತ ಅರ್ಧ ಗಂಟೆ ಪೆನ್ನು ಹಿಡ್ಕೊಂಡು ನಿಂತಿದ್ದೆ ಅಕ್ಕಾ. ಆಗ್ಲಿಲ್ಲ.”

ನಾನು ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಹೋದೆ. ಗೋಡೆಯ ಮೇಲಿನ ಸೀಮೆಸುಣ್ಣದ ವಾಕ್ಯದ ಎದುರಿಗೇ ನಿಂತು, ‘ಫೋರ್ಟೀನ್ ಬಸ್. ಬ್ರೇಕ್ ಫಸ್ಟ್ ಪುಶ್ ನೋ ಕ್ಯಾಚ್. ಟು ಪುಶ್ ಕ್ಯಾಚ್. ಡೌನ್ ರೋಡ್ ಚಿಲ್ಡ್ರನ್ ಸ್ಕೂಲ್. ಸೀ ನೌ’ ಎಂದು ಬರೆದೆ. ಓದಿದ ಮೆಕ್ಯಾನಿಕ್ ವ್ಯಾಕರಣ ಕೇಳಲಿಲ್ಲ, ಓಡಿದ. ಬ್ರೇಕಿನ ಪೈಪು ಸೀಳಿತ್ತಂತೆ. ಇನ್ನೊಂದೆರಡು ಟ್ರಿಪ್ಪು ಹೋಗಿದ್ದರೆ ಎಷ್ಟು ಸಲ ತುಳಿದರೂ ಹಿಡಿಯುತ್ತಿರಲಿಲ್ಲ ಎಂದ.

ಎರಡು ದಿನದ ಮೇಲೆ ತಮ್ಮ ನೋಟೀಸು ಬಂತು. ಬರೆಯುವ ಅಧಿಕಾರವಿಲ್ಲದ ನಾನು ಬರೆದೆನಂತೆ, ಏಳು ತಪ್ಪುಗಳಂತೆ. ಬಸ್ಸು ತಂಗಿಯದಾದ್ದರಿಂದ ಏಳನ್ನೂ ಅವಳ ಹೆಸರಿಗೆ ಸೇರಿಸಿದ್ದೀರಿ. ಬರುವ ಸೋಮವಾರದಿಂದ ಅವಳಿಗೆ ಬಕೆಟ್ಟು ಮತ್ತು ಬ್ರಷ್ಷು. ಪೈಪಿನ ಬಗ್ಗೆ ನೋಟೀಸಿನಲ್ಲಿ ಒಂದು ಪದವೂ ಇಲ್ಲ. ಅದು ತಮ್ಮ ವಿಭಾಗಕ್ಕೆ ಬರುವುದಿಲ್ಲವೇನೋ.

ತರಗತಿ ನಡೆಸಬೇಡಿ ಎಂದು ನಾನು ಹೇಳುತ್ತಿಲ್ಲ. ಶನಿವಾರದ ತರಗತಿಗೆ ಯಾರೂ ಕರೆಯದಿದ್ದರೂ ಹೋಗುತ್ತೇನೆ. ಮೇಷ್ಟ್ರು ಒಳ್ಳೆಯವರು. ಅಲ್ಲಿ ತಿದ್ದಿಸಿಕೊಳ್ಳುವುದು ನನಗೆ ಇಷ್ಟ, ಏಕೆಂದರೆ ಅಲ್ಲಿ ತಪ್ಪಾದರೆ ಯಾರೂ ಸಾಯುವುದಿಲ್ಲ. ನಾವು ಸರಿಯಾಗಿ ಬರೆಯುವುದನ್ನು ಕಲಿಯುತ್ತೇವೆ, ಐದು ವರ್ಷವಾಗಲಿ, ಹತ್ತು ವರ್ಷವಾಗಲಿ. ಬ್ರೇಕು ಅಲ್ಲಿಯ ತನಕ ಕಾಯುವುದಿಲ್ಲ. ಆದ್ದರಿಂದ ದೋಷ ಪುಸ್ತಕವನ್ನು ತಮ್ಮ ಮೇಜಿನಿಂದ ಕೆಳಗಿಳಿಸಿ, ಕೆಂಪು ಗೆರೆಯ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ನನ್ನ ಏಳು ತಪ್ಪುಗಳನ್ನು ನನ್ನ ಹೆಸರಿಗೇ ಬರೆಯಿರಿ. ತೊಳೆಯುವುದಾದರೆ ನಾನು ತೊಳೆಯುತ್ತೇನೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಹದಿನಾಲ್ಕನೇ ನಂಬರು ಹೊರಡುತ್ತದೆ. ಅದರ ಡ್ರೈವರ್ ಸೀಟಿನಲ್ಲಿ ನನ್ನ ತಂಗಿ ಇರಬೇಕು. ಅದಾಗದು ಎನ್ನುವುದಾದರೆ ಪುಸ್ತಕದಲ್ಲಿ ಒಂದೂ ತಪ್ಪು ಬರೆಯದ ಡ್ರೈವರನ್ನು ಕೂರಿಸಿ, ಅವನ ಹಿಂದೆಯೇ ತಾವೂ ಕೂತು ಆ ಇಳಿಜಾರು ಇಳಿಯಿರಿ. ಮುಂದಿನ ಸೀಟಿಗೆ ಹೋದ ವಾರವಷ್ಟೇ ಹೊಸ ರೆಕ್ಸಿನ್ ಹಾಕಿದ್ದೇನೆ. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಳ್ಳಬಹುದು.

ಇಂತಿ,
ಅಧಿಕಾರವಿಲ್ಲದೆ ಬರೆದವಳು (ಈ ಪತ್ರವನ್ನೂ ಸೇರಿಸಿ),
ಸೀಟು ಹೊಲಿಯುವ ಶೆಡ್ಡು