‘ಅತಿಥಿ’ಯ ಪಾದಗಳು

ಭಾನುವಾರ, ಜೂನ್ ೧೬

ಪ್ರೀತಿಯ ಅತ್ತೆ,

ಇದನ್ನು ಹೇಳದೇ ಬಿಡೋಣವೆಂದೇ ಇದ್ದೆ: ನನ್ನ ಆನ್‌ಲೈನ್ ವ್ಯಾಯಾಮದ ತರಗತಿಗೆ ‘ಅತಿಥಿ’ ಎಂಬ ಹೆಸರಿನಲ್ಲಿ ಸೇರಿದ್ದು ನೀವೆಂದು ಮೊದಲ ದಿನವೇ ನನಗೆ ಗೊತ್ತಾಗಿತ್ತು.

ಹಿರಿಯರ ಹಿಮ್ಮಡಿ, ಬೆರಳು ಕಾಣಬೇಕೆಂದು ಕ್ಯಾಮೆರಾ ಕೆಳಕ್ಕೆ ತಿರುಗಿಸಲು ಹೇಳುವವಳು ನಾನೇ. ಹನ್ನೊಂದು ಚೌಕ, ಇಪ್ಪತ್ತೆರಡು ಪಾದ. ಮುಖ ತೋರಿಸಬೇಕಿಲ್ಲವೆಂದು ತಾನೇ ನೀವು ಧೈರ್ಯ ಮಾಡಿದ್ದು? ಆದರೆ ಇಸ್ತ್ರಿಪೆಟ್ಟಿಗೆ ಬಿದ್ದು ಉಗುರು ಸೀಳಿದ ಆ ಹೆಬ್ಬೆರಳಿಗೆ ಮೂರು ವಾರ ಪಟ್ಟಿ ಕಟ್ಟಿದವಳು ನಾನು. ನಿಮ್ಮ ಮಗನನ್ನು ಬಿಟ್ಟು ಬಂದು ನಾಲ್ಕು ವರ್ಷವಾದರೂ ಅದು ಮರೆತಿರಲಿಲ್ಲ.

ಉಳಿದವರನ್ನೆಲ್ಲ ಹೆಸರು ಹಿಡಿದು ತಿದ್ದುತ್ತಿದ್ದೆ. ನಿವೃತ್ತ ಬಸ್ ಡ್ರೈವರ್ ಒಬ್ಬರು ತಮ್ಮ ಮಂಡಿಗೆ ರಿವರ್ಸ್ ಗೇರೇ ಇಲ್ಲವೆಂದಾಗ ಎಲ್ಲರೂ ನಕ್ಕರು. ನಿಮ್ಮ ಕಾಲ್ಬೆರಳುಗಳೂ ಅಲುಗಿದವು. ನಿಮ್ಮನ್ನು ಮಾತ್ರ ಕರೆಯಲಿಲ್ಲ. ‘ಅತಿಥಿ’ ಎನ್ನಲು ಬಾಯಿ ಬರಲಿಲ್ಲ. ‘ಅತ್ತೆ’ ಎಂದುಬಿಟ್ಟರೆ ಮರುದಿನದಿಂದ ನೀವು ಬರುವುದನ್ನೇ ನಿಲ್ಲಿಸಿಬಿಟ್ಟರೆ?

ಮಂಗಳವಾರ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ. ಹಿಡಿದುಕೊಳ್ಳುವ ನಿಮ್ಮ ಕುರ್ಚಿ ಗೋಡೆಗೆ ಒತ್ತಿರಲಿಲ್ಲ. ನೋಡಿದೆ. ಎಲ್ಲರೂ ಒಮ್ಮೆ ಕುರ್ಚಿ ನೋಡಿಕೊಳ್ಳಿ ಎಂದು ಒಟ್ಟಿಗೆ ಹೇಳಿ ಮುಂದುವರಿದೆ. ಎಲ್ಲರಿಗೂ ಹೇಳಿದ್ದನ್ನು ಯಾರೂ ತಮಗೇ ಹೇಳಿದ್ದೆಂದುಕೊಳ್ಳುವುದಿಲ್ಲ. ಹದಿನೆಂಟು ವರ್ಷ ಈ ಕೆಲಸ ಮಾಡಿದವಳಿಗೆ ಅದು ತಿಳಿಯದ್ದೇನಲ್ಲ.

ಕುರ್ಚಿ ಜಾರಿತು. ಚೌಕದಲ್ಲಿ ಬರೀ ನೆಲ ಉಳಿಯಿತು. ಹತ್ತು ಮನೆಗೆ ಕೇಳುವಂತೆ “ಅತ್ತೆ” ಎಂದು ಕೂಗಿದೆ. ನಿಮ್ಮ ಮಗ ಓಡಿ ಬಂದು, ಯಾರ ಜೊತೆ ಮಾತಾಡುತ್ತಿದ್ದೀಯೆಂದು ಕೇಳಿದ್ದೂ ಕೇಳಿಸಿತು.

“ಟೀಚರ್ ಜೊತೆ ಕಣೋ,” ಎಂದಿರಿ. ಆಮೇಲೆ ನನಗೆ, “ನಿನ್ ತಪ್ಪಲ್ಲ ಕಣೇ. ಕ್ಲಾಸ್ ಮುಂದುವರ್ಸು, ಪಾಪ ಎಲ್ರೂ ಒಂದೇ ಕಾಲಲ್ಲಿ ನಿಂತಿದ್ದಾರೆ.”

ಸೊಂಟಕ್ಕೆ ಏನೂ ಆಗಿಲ್ಲ, ಮಣಿಕಟ್ಟು ಮುರಿದಿದೆ ಎಂದು ನಿಮ್ಮ ಮಗ ಒಂದು ಸಾಲಿನ ಸಂದೇಶ ಕಳಿಸಿದರು. ಇನ್ನು ಆ ಕ್ಲಾಸಿನ ಸಹವಾಸವೇ ಬೇಡ ಎಂದು ನಿಮಗೆ ಹೇಳಿರಲೂಬಹುದು. ಹಾಗೆ ಹೇಳಲು ಅವರಿಗೆ ಕಾರಣವಿದೆ. ಆದರೂ ಕೇಳುತ್ತಿದ್ದೇನೆ. ಪ್ಲಾಸ್ಟರ್ ಬಿಚ್ಚಿ, ವೈದ್ಯರು ಸರಿ ಎಂದ ಮೇಲೆ ಬನ್ನಿ. ಮೊದಲ ಕೆಲವು ವಾರ ಕೂತೇ ಮಾಡೋಣ. ನಿಮ್ಮನ್ನು ನಿಮ್ಮ ಹೆಸರಿನಿಂದಲ್ಲ, ಎಲ್ಲರೆದುರೂ ಅತ್ತೆ ಎಂದೇ ಕರೆದು ತಿದ್ದುತ್ತೇನೆ.

ಸೊಸೆ ಎಂದು ಸಹಿ ಹಾಕಬಹುದೋ ಇಲ್ಲವೋ ತಿಳಿಯದ,
ನಿಮ್ಮ ಟೀಚರ್

ತಾ.ಕ.: ನೀವು ಬರುವುದು ನಿಂತೀತೆಂಬ ಭಯವೆಂದೆನಲ್ಲ, ಅದು ಪೂರ್ತಿ ನಿಜವಲ್ಲ. ನನಗೆ ಸಿಟ್ಟಿತ್ತು. ನಾನು ಮನೆ ಬಿಟ್ಟ ದಿನ ನೀವು ಬಾಗಿಲಲ್ಲೇ ನಿಂತಿದ್ದಿರಿ, ಕರೆಯಲಿಲ್ಲ. ಈ ಸಲ ನೀವೇ ಮೊದಲು ಕರೆಯಬೇಕು ಎಂದು ಹಟ ಹಿಡಿದಿದ್ದೆ, ಆ ಕುರ್ಚಿ ನೋಡಿದ ಕ್ಷಣದಲ್ಲೂ. ಇದನ್ನು ಓದಿದ ಮೇಲೂ ನನ್ನ ತಪ್ಪಲ್ಲ ಎನ್ನುವಿರೋ ಏನೋ. ಈ ಸಾಲುಗಳನ್ನು ಹೊಡೆದುಹಾಕುವ ಮನಸ್ಸು ಬರುವ ಮೊದಲು ನಾಳೆ, ಜೂನ್ ೧೭ರ ಬೆಳಿಗ್ಗೆ, ಅಂಚೆಗೆ ಹಾಕುತ್ತೇನೆ.