ಬಿಟ್ಟ ಕುಂಡಗಳು

ಮಾರ್ಚ್ 3, ಬೆಳಿಗ್ಗೆ 7.40
ಇಪ್ಪತ್ತನಾಲ್ಕು ಕುಂಡಕ್ಕೂ ನೀರು ಹಾಕಾಯಿತು. ಒಂದರಿಂದ ಹನ್ನೆರಡಕ್ಕೆ ಕತ್ತರಿ. ಎರಡು ಬೆರಳಷ್ಟು ಎತ್ತರ ಉಳಿಸಿ ಹುಲ್ಲು ಸವರಿದೆ. ಉಳಿದವನ್ನು ಮುಟ್ಟುವಂತಿಲ್ಲ. ಲೇಬಲ್ಲಿನಲ್ಲಿ ‘ಕ’ ಅಂದರೆ ಕತ್ತರಿಸಿದ್ದು, ‘ಬಿ’ ಅಂದರೆ ಬಿಟ್ಟಿದ್ದು. ಎಲೆ ಹೋದರೆ ಬೇರು ಮಣ್ಣಿಗೆ ಸುರಿಸುವ ಸಕ್ಕರೆ, ಅಂದರೆ ಕಾರ್ಬನ್, ಹೆಚ್ಚುತ್ತದೋ ಇಳಿಯುತ್ತದೋ? ಹೆಚ್ಚುತ್ತದೆ ಎಂದು ಗೈಡ್ ಸರ್ ಹತ್ತು ವರ್ಷದ ಹಿಂದೆಯೇ ಬರೆದು ದೊಡ್ಡವರಾಗಿದ್ದಾರೆ. ನನ್ನ ಥೀಸಿಸ್‌ಗೆ ಸಹಿ ಹಾಕಬೇಕಾದವರೂ ಅವರೇ.
ತಂಗಿಯ ಫೋನ್. “ಏನಕ್ಕಾ, ಹುಲ್ಲಿಗೆ ಹೇರ್‌ಕಟ್ ಮುಗೀತಾ?”

ಮಾರ್ಚ್ 4
ಕತ್ತರಿಸಿದ ಕುಂಡಗಳಲ್ಲಿ ಬೇರಿನ ಸುತ್ತ ಕಾರ್ಬನ್ ಒಂದೂವರೆ ಪಟ್ಟು! ಸರ್ ಬೆನ್ನು ತಟ್ಟಿದರು. “ನಾನ್ ಹೇಳ್ಲಿಲ್ವೇನಮ್ಮ?”

ಮಾರ್ಚ್ 9
ಕತ್ತರಿಸಿದ ಕುಂಡಗಳ ಕಾರ್ಬನ್ ಅರ್ಧಕ್ಕೆ ಕುಸಿದಿದೆ. ಮೂರು ಸಲ ಅಳೆದೆ, ಅಷ್ಟೇ. ಇದರಲ್ಲಿ ಆಶ್ಚರ್ಯವೇನು... ತಲೆ ಬೋಳಾದ ಹುಲ್ಲು ಇದ್ದಬದ್ದದ್ದನ್ನೆಲ್ಲ ಹೊಸ ಎಲೆಗೆ ಇಟ್ಟುಕೊಳ್ಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳ ಹೊಟ್ಟೆಗೆ ತಣ್ಣೀರು ಬಟ್ಟೆ. ಸರ್ ಹಾಳೆ ನೋಡಿ ಮುಖ ಗಂಟಿಕ್ಕಿದರು. “ಮೊದಲನೇ ದಿನದ್ದೇ ಸಾಕಮ್ಮ.” ಸಾಕಂತೆ! ಒಂದು ದಿನದ ಊಟ ನೋಡಿ ವರ್ಷದ ಆರೋಗ್ಯ ಹೇಳುವುದೇ?

ಮಾರ್ಚ್ 12
ಸರ್ ಮೆಸೇಜ್: “ನಾಳೆ ಎರಡನೇ ಕಟಿಂಗ್. ಏಳರಿಂದ ಹನ್ನೆರಡು ಬಿಡು.” ಯಾಕೋ ಗೊತ್ತಿಲ್ಲ. ಸರಿ, ಆ ಆರು ಕುಂಡಗಳನ್ನು ಕತ್ತರಿಸುವುದಿಲ್ಲ.

ಮಾರ್ಚ್ 21
ಮೈ ಉರಿಯುತ್ತಿದೆ. ಇಡೀ ಲ್ಯಾಬಿನ ಎದುರು ಕೂಗಾಡಿದರು.
“ರಿಸಲ್ಟ್ ಟೇಬಲ್‌ನಿಂದ ಬಿಡು ಅಂದಿದ್ದು ನಾನು! ಕುಸಿತ ಜಾಸ್ತಿ ಇರೋದು ಆ ಆರರಲ್ಲೇ. ಕತ್ತರಿಸ್ದೆ ಬಿಡು ಅಂತ ಯಾರ್ ಹೇಳಿದ್ರು?”
“ನಮ್ಮ ಲೇಬಲ್‌ನಲ್ಲಿ ‘ಬಿ’ ಅಂದ್ರೆ ಅದೇ ಅಲ್ವಾ ಸರ್?”
ಯಾರೋ ಕಿಸಕ್ಕೆಂದರು. ಸರ್ ಇನ್ನೂ ಕೆಂಪಾದರು.
ತಮಾಷೆ ಏನೆಂದರೆ, ಆ ತಪ್ಪಿನಿಂದಲೇ ಎಲ್ಲ ಸ್ಪಷ್ಟವಾಗಿದೆ. ಎರಡನೇ ಸಲ ಕತ್ತರಿ ತಾಗದ ಆರೂ ಚಿಗುರಿ, ಬೇರಿನ ಕಾರ್ಬನ್ ಕತ್ತರಿಸುವ ಮೊದಲಿನಷ್ಟೇ ಆಗಿದೆ. ಎರಡು ಸಲ ಕತ್ತರಿಸಿದ ಆರರಲ್ಲಿ ಕಾಲು ಭಾಗವೂ ಇಲ್ಲ. ಎಲೆ ಇದ್ದರೆ ಮಣ್ಣಿಗೆ ಊಟ. ಮಗುವಿಗೂ ಅರ್ಥವಾಗುವ ಮಾತು, ಆದರೆ ಸರ್‌ಗೆ ಕೇಳಿಸುವುದಿಲ್ಲ. ಇಪ್ಪತ್ತನಾಲ್ಕು ಕುಂಡವನ್ನೂ ಕಸಕ್ಕೆ ಹಾಕಿ, ಪ್ರಯೋಗ ಕೆಟ್ಟದ್ದು ನನ್ನಿಂದ ಎಂದು ಬರೆದುಕೊಡಬೇಕಂತೆ. ಇಲ್ಲವೆಂದರೆ ಥೀಸಿಸ್‌ಗೆ ಸಹಿಯಿಲ್ಲ. ನಾಲ್ಕು ವರ್ಷದ ದುಡಿಮೆ!

ಮಾರ್ಚ್ 22
ತಂಗಿ ಅಂದಳು, “ಬರ್ಕೊಟ್ಟು ಬಿಡಕ್ಕಾ, ಹುಲ್ಲಿಗೋಸ್ಕರ ಯಾಕ್ ಜಗಳ?” ಅವಳ ಮೇಲೂ ರೇಗಿದೆ. ಆಮೇಲೆ ಅತ್ತುಬಿಟ್ಟೆ.

ಮಾರ್ಚ್ 24, ಮಧ್ಯಾಹ್ನ 3.50
ಪತ್ರ ಸರ್ ಅವರೇ ಟೈಪ್ ಮಾಡಿಸಿಟ್ಟಿದ್ದಾರೆ. ‘ನನ್ನ ಅಜಾಗರೂಕತೆಯಿಂದ...’ ಯಾರ ಅಜಾಗರೂಕತೆ? ಬೇಡವಾದ ಅಂಕಿಗಳನ್ನು ಮರೆಮಾಡಲು ಹೊರಟಿದ್ದು ಯಾರು? ನಾಚಿಕೆಯಾಗಬೇಕು. ನಾಲ್ಕು ಗಂಟೆಗೆ ಸಹಿ ಬೇಕಂತೆ.
ಇಪ್ಪತ್ತನಾಲ್ಕು ಕುಂಡಗಳ ಅಂಕಿಯನ್ನೂ, ಅವರ ಮೆಸೇಜನ್ನೂ ಥೀಸಿಸ್‌ನ ಮೂವರು ಪರೀಕ್ಷಕರಿಗೆ ಮೇಲ್ ಮಾಡಿ ಹತ್ತು ನಿಮಿಷವಾಯಿತು. ಥೀಸಿಸ್ ಹೋದರೆ ಹೋಗಲಿ. ಅನ್ನಲು ಸುಲಭ.
ಬಾಗಿಲು ತಟ್ಟುತ್ತಿದ್ದಾರೆ. “ಸಹಿ ಆಯ್ತೇನಮ್ಮ?”
ತೆಗೆದು ಮುಖಕ್ಕೇ ಹೇಳುತ್ತೇನೆ — ಸರ್, ಅಂಕಿಗಳು ಪರೀಕ್ಷಕರಿಗೆ ಹೋಗಾಯ್ತು, ಇನ್ನು ನೀವು ಬಿಡು ಅಂದ್ರೂ ಬಿಡೋಕಾಗಲ್ಲ.